ಸ್ಕೆಚ್‌ನಲ್ಲಿದ್ದ ಜೀವ ಬಣ್ಣ ಹಾಕಿದ್ಮೇಲೆ ಎಲ್ಲಿಗೆ ಹೋಗುತ್ತೆ?

ಮಳೆಹನಿ_ಪಿಕ್ಸೆಲ್

ಎಲ್ರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದ್ಕೊಂಡಿದ್ದೆ, ಪೋಸ್ಟ್ ಹಾಕ್ತಿರೋದು ಇದೇ ಮೊದಲು, ಸ್ವಲ್ಪ ಉದ್ದ ಆಗುತ್ತೆ ಬೈಕೋಬೇಡಿ.

ನಮ್ಮೂರು ಕೊಪ್ಪದ ಹತ್ರ, ಈಗಿರೋದು ಬೆಂಗಳೂರು, ಕೆಲಸ ಐಟಿ. ರಾತ್ರಿ ಊಟ ಆದ್ಮೇಲೆ ಒಂದೆರಡು ಗಂಟೆ ಡಿಜಿಟಲ್ ಪೇಂಟಿಂಗ್ ಮಾಡ್ತೀನಿ. ಸೆಕೆಂಡ್ ಹ್ಯಾಂಡ್ ಪೆನ್ ಟ್ಯಾಬ್ಲೆಟ್ (ಸ್ಕ್ರೀನ್ ಇಲ್ದಿರೋದು), 8 ಜಿಬಿ ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಕ್ರಿಟಾ, ಯಾಕಂದ್ರೆ ಫ್ರೀ. ಈಗ ಮಾಡ್ತಿರೋದು ಅಜ್ಜಿ ಚಿತ್ರ. ಹೊರಗೆ ಜಡಿಮಳೆ, ಅಜ್ಜಿ ಜಗಲೀಲಿ ಮೆಟ್ಟುಗತ್ತಿ (ಈಳಿಗೆಮಣೆ) ಮುಂದೆ ಕೂತು ಹಲಸಿನಹಣ್ಣು ಬಿಡಿಸ್ತಾ ಇದಾಳೆ, ಮೇಣ ಅಂಟ್ಬಾರ್ದು ಅಂತ ಕೈಗೆಲ್ಲ ಕೊಬ್ರಿ ಎಣ್ಣೆ, ಪಕ್ಕದಲ್ಲಿ ಬಾಳೆಲೆ ಮೇಲೆ ತೊಳೆ, ಹಿಂದ್ಗಡೆ ಹೆಂಚಿನ ಮಾಡಿಂದ ನೀರು ಸುರೀತಿರೋದು. ಅಜ್ಜಿ ಈಗ ಇಲ್ಲ. ಹಂಗೆ ಕೂತಿರೋ ಫೋಟೋನೂ ಇಲ್ಲ, ಒಂದು ಮದ್ವೆ ಆಲ್ಬಮ್‌ನಲ್ಲಿ ಮುಖ ಸಿಕ್ತು ಅಷ್ಟೇ. ಅಮ್ಮಂಗೆ ಈ ವರ್ಷ 60 ತುಂಬುತ್ತೆ, ಎ3 ಸೈಜಲ್ಲಿ ಪ್ರಿಂಟ್ ಹಾಕ್ಸಿ ಕೊಡೋಣ ಅಂತ ಆಸೆ.

ಸ್ಕೆಚ್ ಮಾಡಕ್ಕೆ ಹಿಡಿದಿದ್ದು 40 ನಿಮಿಷ. ಅದನ್ನ ನೋಡಿದ್ರೆ ಅಜ್ಜಿ ಈಗ ತಲೆ ಎತ್ತಿ ಏನೋ ಅಂತಾಳೆ ಅನ್ಸುತ್ತೆ. ಆಮೇಲೆ ಬಣ್ಣ ಶುರು ಮಾಡಿದೆ, ಮೂರು ವಾರ ಆಯ್ತು, ಅದ್ರಲ್ಲಿ ಒಂಬತ್ತು ದಿನ ಬರೀ ಮುಖ, ಒಂದೊಂದು ಸುಕ್ಕೂ ಕೂತ್ಕೊಂಡು ಮಾಡಿದೀನಿ, ಲೇಯರ್ (ಒಂದರ ಮೇಲೊಂದು ಇಡೋ ಪಾರದರ್ಶಕ ಹಾಳೆ ಥರ) 64 ಆಗಿದೆ, ಲ್ಯಾಪ್‌ಟಾಪ್ ಏದುಸಿರು ಬಿಡ್ತಾ ಇದೆ, ಚಿತ್ರ ನೋಡಿದ್ರೆ ಸೀರೆ ಉಡ್ಸಿರೋ ಪ್ಲಾಸ್ಟಿಕ್ ಗೊಂಬೆ. ಎಷ್ಟು ತಿದ್ದಿದ್ರೂ ಇನ್ನಷ್ಟು ಪ್ಲಾಸ್ಟಿಕ್. ಸ್ಕೆಚ್, ಪೇಂಟಿಂಗ್ ಎರಡೂ ಹಾಕಿದೀನಿ ನೋಡಿ.

ಕೇಳ್ಬೇಕಾಗಿರೋದು ಬ್ರಷ್ ಯಾವ್ದು ಅಂತ ಅಲ್ಲ, ಬ್ರಷ್ ಸೆಟ್ಟು ಇನ್ನೂರು ಡೌನ್‌ಲೋಡ್ ಮಾಡಿದೀನಿ, ಏನೂ ಉಪಯೋಗ ಆಗ್ಲಿಲ್ಲ. ನೀವೆಲ್ಲ ಖಾಲಿ ಕ್ಯಾನ್ವಾಸ್‌ನಿಂದ ಕೊನೇವರೆಗೆ ಹೆಂಗೆ ಹೋಗ್ತೀರ? ಮೊದ್ಲು ಏನು ಮಾಡ್ತೀರ, ಯಾವ್ದನ್ನ ಕೊನೆಗೆ ಇಟ್ಕೋತೀರ, ಸಾಕು ಅಂತ ಯಾವಾಗ ಗೊತ್ತಾಗುತ್ತೆ?

ಕುಡ್ಲದ_ಕುಂಚ

ನೋಡಿದೆ ಮಾರಾಯ್ರೆ. ಸ್ಕೆಚ್ ಲಾಯ್ಕ್ ಉಂಟು, ಸುಳ್ಳು ಹೇಳುದಿಲ್ಲ. ಪೇಂಟಿಂಗ್ ನೋಡಿ ನನಗೆ ಮೊದಲು ಬಂದ ಪ್ರಶ್ನೆ, ಇಷ್ಟು ಮಳೆ ಬರುವಾಗ ಸೂರ್ಯ ಎಲ್ಲಿಂದ ಬಂದ? ಅಜ್ಜಿಯ ತಲೆಯ ಹಿಂದೆ ಒಂದು ಚಿನ್ನದ ಅಂಚು ಕೊಟ್ಟಿದ್ದೀರಿ, ಗೇಮಿನ ಪೋಸ್ಟರಿನಲ್ಲಿ ಹೀರೋಗೆ ಕೊಡ್ತಾರಲ್ಲ ಹಾಗೆ. ಕಂಬದ ನೆರಳು ನೆಲದಲ್ಲಿ ಕತ್ತಿಯಲ್ಲಿ ಕೊಯ್ದ ಹಾಗೆ ಉಂಟು. ಮೋಡ ಮುಚ್ಚಿದ ದಿನ ಇಡೀ ಆಕಾಶವೇ ಒಂದು ದೊಡ್ಡ ಟ್ಯೂಬ್‌ಲೈಟ್, ಬೆಳಕು ಎಲ್ಲಾ ಕಡೆಯಿಂದ ಬರುದು, ಹಾಗಾಗಿ ನೆರಳಿಗೆ ಅಂಚೇ ಇರುದಿಲ್ಲ. ಅಂಗಳದ ಬದಿಗೆ ಬೆಳಕು ಜಾಸ್ತಿ, ಜಗಲಿಯ ಒಳಗೆ ಹೋದ ಹಾಗೆ ಮೆಲ್ಲ ಮೆಲ್ಲ ಕತ್ತಲೆ. ಆಕಾಶಕ್ಕೆ ಮುಖ ಮಾಡಿದ್ದೆಲ್ಲ, ಅಂದ್ರೆ ಮೊಣಕಾಲು, ಹೆಗಲು, ಹಲಸಿನ ಬೆನ್ನು, ಸ್ವಲ್ಪ ನೀಲಿ ಬೂದಿ. ಅಂಗಳದ ಗಿಡದ ಹಸಿರು ಬಂದು ಗೋಡೆಯ ಕೆಳಗಿನ ಭಾಗಕ್ಕೆ ಬಡಿತದೆ. ರೆಡ್ ಆಕ್ಸೈಡ್ ನೆಲ ಒದ್ದೆ ಆದರೆ ಕೆಂಪಾಗಿ ಕಾಣುದೇ ಇಲ್ಲ, ಓರೆಯಿಂದ ನೋಡಿದ್ರೆ ಆಕಾಶವೇ ಕಾಣುದು. ನೀವು ಇದನ್ನೆಲ್ಲ ಸಣ್ಣದಿರುವಾಗ ದಿನಾ ನೋಡಿದವರು, ನಿಮಗೆ ಗೊತ್ತುಂಟು, ಆದರೆ ಪೆನ್ ಹಿಡಿದ ಕೂಡ್ಲೇ ಯೂಟ್ಯೂಬಿನ ಸೂರ್ಯ ಬಂದುಬಿಡ್ತಾನೆ.

ಎರಡನೇದು. ಎಲ್ಲದರ ಮೇಲೆ ಒಂದು ಹೊಸ ಲೇಯರ್ ಹಾಕಿ, ಪೂರ್ತಿ ಕಪ್ಪು ತುಂಬಿಸಿ, ಬ್ಲೆಂಡಿಂಗ್ ಮೋಡ್ ಕಲರ್ ಅಂತ ಮಾಡಿ. ಚಿತ್ರ ಕಪ್ಪು ಬಿಳುಪಾಗ್ತದೆ. ನಿಮ್ಮದನ್ನು ನಾನು ಮಾಡಿ ನೋಡಿದೆ, ತೊಳೆ, ಅಜ್ಜಿಯ ಸೀರೆ, ಹಿಂದಿನ ಗೋಡೆ ಮೂರೂ ಒಂದೇ ಬೂದಿ. ಬಣ್ಣ ಬೇರೆ ಬೇರೆ ಕೊಟ್ಟದ್ದಕ್ಕೆ ನಿಮಗೆ ಬೇರೆ ಕಂಡದ್ದು. ಬಣ್ಣ ಆರಿಸುವ ಕಲರ್ ಪಿಕರ್ ನಂಬಬೇಡಿ. ಅದರಲ್ಲಿ ಅಪ್ಪಟ ಹಳದಿಗೂ ಅಪ್ಪಟ ನೀಲಿಗೂ ವ್ಯಾಲ್ಯೂ, ಅಂದ್ರೆ ಬೆಳಕಿನ ಪ್ರಮಾಣ, 100 ಅಂತಲೇ ತೋರಿಸ್ತದೆ. ಕಣ್ಣಿಗೆ ಹಾಗಲ್ಲ. ಸ್ಕ್ರೀನಿನ ಬೆಳಕಿನಲ್ಲಿ ಹಸಿರಿನ ಪಾಲು ನೂರಕ್ಕೆ ಸುಮಾರು 72, ಕೆಂಪಿನದ್ದು 21, ನೀಲಿಯದ್ದು ಬರೀ 7. ಕೆಂಪು ಹಸಿರು ಸೇರಿದ್ರೆ ಹಳದಿ, ಹಾಗಾಗಿ ಹಳದಿ 93ರ ಹತ್ತಿರ ನಿಲ್ತದೆ, ನೀಲಿ 7ರಲ್ಲಿ. ನಿಮ್ಮ ಚಿತ್ರದಲ್ಲಿ ಹೊಳೆಯಬೇಕಾದ್ದು ಒಂದೇ, ಆ ಹಲಸಿನ ತೊಳೆ. ಅದು ಹೊಳೆಯುದಿಲ್ಲ ಅಂತ ಇನ್ನೂ ಹಳದಿ ಸುರಿದ್ರೆ ಆಗುದಿಲ್ಲ, ಸುತ್ತ ಇದ್ದದ್ದನ್ನು ಮಂಕು ಮಾಡ್ಬೇಕು.

ನಾನು ಗೇಮ್ ಬ್ಯಾಕ್‌ಗ್ರೌಂಡ್ ಮಾಡಿ ಹೊಟ್ಟೆ ಹೊರೆಯುವವ. ನನ್ನ ಕ್ರಮ ಎಂತ ಅಂದ್ರೆ, ಬೆಂಕಿಪೊಟ್ಟಣದಷ್ಟು ಚೌಕದಲ್ಲಿ ಅದೇ ಚಿತ್ರದ ಸಣ್ಣ ಸ್ಕೆಚ್, ಹತ್ತು ಹನ್ನೆರಡು. ಮೂರೇ ಟೋನ್, ಕಪ್ಪು, ನಡು, ಬಿಳಿ. ಒಂದಕ್ಕೆ ಮೂರು ನಿಮಿಷ. ಮೊದಲಿನ ನಾಲ್ಕು ಎಲ್ಲರಿಗೂ ಹೊಳೆಯುವಂಥದ್ದೇ ಬರ್ತದೆ, ಅದು ಹೋದ ಮೇಲೆ ತಲೆ ಕೆಲಸ ಮಾಡ್ಲಿಕ್ಕೆ ಶುರು. ಚಿತ್ರದ ಬಗ್ಗೆ ಯೋಚನೆ ಮಾಡುದು ಅಲ್ಲೇ ಮುಗೀತದೆ, ಉಳಿದದ್ದೆಲ್ಲ ಕೂಲಿ ಕೆಲಸ.

ಬೋರ್ಡ್_ಕಾಕಾ

ತಂಗೀ, ನಾ ಧಾರವಾಡದಾಗ 22 ವರ್ಷ ಅಂಗಡಿ ಬೋರ್ಡ್ ಬರ್ದಾಂವ. ಕಿರಾಣಿ ಅಂಗಡಿ, ಸೈಕಲ್ ಶಾಪ್, ಪೇಢೆ ಅಂಗಡಿ, ಲಾರಿ ಹಿಂದಿನ ನವಿಲು, ಎಲ್ಲಾ. ಫ್ಲೆಕ್ಸ್ ಬಂತು, ಕೆಲ್ಸ ಹೋತು. ಮಗಳ ಟ್ಯಾಬ್ ಮ್ಯಾಲ ಬೆರಳಿಲೆ ಗೀಚಲಿಕ್ಕೆ ಶುರು ಮಾಡಿದ್ದು, ಈಗ ಪೆನ್ ತಗೊಂಡೇನಿ. ಮ್ಯಾಲಿನವ್ರು ಹೇಳಿದ ಪರ್ಸೆಂಟ್ ಗಿರ್ಸೆಂಟ್ ನನಗ ತಿಳಿಯಂಗಿಲ್ಲ, ನನ್ನ ಅನುಭವದ್ದು ಹೇಳ್ತೀನಿ.

ನಾಕ್ ಫೂಟಿನ ಅಕ್ಷರ ಏಣಿ ಮ್ಯಾಲ ನಿಂತು ಬರ್ಯೋವಾಗ ನಿನ್ನ ಮೂಗಿನ ಮುಂದ ಬರೇ ಕೆಂಪು ಬಣ್ಣ ಇರ್ತದ, ಅಕ್ಷರ ಕಾಣಂಗಿಲ್ಲ. ಅದಕ್ಕ ತಾಸಿಗೆ ನಾಕ್ ಸಲ ಏಣಿ ಇಳ್ದು, ರಸ್ತಿ ದಾಟಿ, ಎದ್ರಿನ ಚಾದಂಗಡಿ ಕಟ್ಟಿ ಮ್ಯಾಲ ಕುಂತು ನೋಡ್ಬೇಕು. ಮಂದಿ ನೋಡೋದು ಅಲ್ಲಿಂದನ. ನಮ್ಮ ಉಸ್ತಾದರು ಚಾ ಕುಡ್ಯಾಕ ಹೋಗ್ತಾರ ಅಂತ ನಾವು ಹುಡುಗ್ರು ತಿಳ್ಕೊಂಡಿದ್ವಿ, ಅವ್ರು ಹೋಗ್ತಿದ್ದದ್ದು ನೋಡ್ಲಿಕ್ಕೆ. ನೀ ಒಂಬತ್ತು ದಿನ ಏಣಿ ಮ್ಯಾಲೇ ಕುಂತಿ. ಝೂಮ್ ಮಾಡಿ ಮಾಡಿ ಒಂದೊಂದು ಸುಕ್ಕಿನೊಳಗ ಮನಿ ಕಟ್ಕೊಂಡಿ. ಹಂಗಾದ್ರ ಅಜ್ಜಿ ಹೆಂಗ ಕಾಣ್ತಾಳ?

ಇನ್ನೊಂದು, ಈ ಕಂಟ್ರೋಲ್ ಝಡ್. ಎನಾಮೆಲ್ ಪೇಂಟಿಗೆ ಅದು ಇರ್ಲಿಲ್ಲ, ಸೀಮಿಎಣ್ಣಿ ಅರಿವಿಲೆ ಒರಸ್ಬೇಕಾಗ್ತಿತ್ತು, ಒರಸಿದ್ರ ಕಲಿ ಉಳೀತಿತ್ತು, ಅದಕ್ಕ ಕುಂಚ ಇಡೂಕಿಂತ ಮೊದ್ಲ ಕೈ ಗಾಳ್ಯಾಗ ಎರಡ್ ಸಲ ಆಡಿ ನೋಡ್ತಿತ್ತು. ಈಗ ಕೈಗೆ ಹೆದ್ರಿಕಿನ ಇಲ್ಲ. ಹತ್ತು ಗೆರಿ ಎಳೀತಿ, ಹತ್ತೂ ಅಳಸ್ತಿ, ಹನ್ನೊಂದನೇದು ಸತ್ತ ಗೆರಿ. ನಿನ್ನ ಸ್ಕೆಚ್ಚಿನಾಗ ಜೀವ ಯಾಕದ ಅಂದ್ರ ಅಲ್ಲಿ ನೀ ಅಳಸಿಲ್ಲ. ಸೀರಿ ನೆರಿಗಿ ನೋಡು, ಮೂರು ಗೆರಿ ಒಂದರ ಮ್ಯಾಲ ಒಂದು ಹೋಗ್ಯಾವ, ಯಾವ್ದೂ ಸರಿ ಇಲ್ಲ, ಮೂರೂ ಕೂಡಿ ಸರಿ ಆಗ್ಯಾವ.

ನಾ ಹೆಂಗ ಮಾಡ್ತೀನಿ ಅಂದ್ರ ದೊಡ್ಡ ಕುಂಚ ಒಂದ, ಅದ್ರಿಲೆ ಚಿತ್ರದ ಮುಕ್ಕಾಲು ಪಾಲು ಮುಗೀಬೇಕು. ಸಣ್ಣ ಕುಂಚ ಕಡೀಗೆ, ಉಪ್ಪಿನಕಾಯಿ ಇದ್ದಂಗ. ಮತ್ತ ಉಸ್ತಾದರ ಕಡೆ ಒಂದು ಸಣ್ಣ ಕನ್ನಡಿ ಇರ್ತಿತ್ತು. ಬೋರ್ಡಿಗೆ ಬೆನ್ನು ಮಾಡಿ ನಿಂತು ಕನ್ನಡಿಯಾಗ ನೋಡ್ತಿದ್ರು, ಸೊಟ್ಟ ಇದ್ದದ್ದು ಪಟ್ನ ಕಾಣ್ತದ. ಕ್ರಿಟಾದಾಗ ಎಮ್ ಒತ್ತಿದ್ರ ಚಿತ್ರ ಹೊರಳ್ತದ, ಅದ ಕನ್ನಡಿ.

ಝೀರೋ_ಎಂಬಿ

ಇಷ್ಟೆಲ್ಲಾ ಕಷ್ಟ ಯಾಕೆ ಗುರು, ಎಐಗೆ ಎರಡು ಲೈನ್ ಬರ್ದು ಕೊಟ್ರೆ ಹತ್ತು ಸೆಕೆಂಡ್‌ಗೆ ಅಜ್ಜಿ ರೆಡಿ.

ಮಳೆಹನಿ_ಪಿಕ್ಸೆಲ್

@ಝೀರೋ_ಎಂಬಿ ಅದನ್ನೂ ಮಾಡಿ ನೋಡಿದೆ, ಸುಳ್ಳು ಯಾಕೆ ಹೇಳ್ಲಿ. ಯಾವ್ದೋ ಅಜ್ಜಿ ಬಂದ್ಲು, ಮೂಗುತಿ ಎಲ್ಲಾ ಹಾಕ್ಕೊಂಡು ಕ್ಯಾಮೆರಾ ನೋಡಿ ನಗ್ತಾ, ಎದುರಿಗೆ ಹಲಸು ಅಂತ ಕೊಟ್ಟಿದ್ದು ಮುಳ್ಳುಹಂದಿ ಥರ ಇತ್ತು, ಮೆಟ್ಟುಗತ್ತಿ ಜಾಗದಲ್ಲಿ ಕುಡುಗೋಲು. ನಮ್ಮಜ್ಜಿ ಜನ್ಮದಲ್ಲಿ ಕ್ಯಾಮೆರಾ ನೋಡಿ ನಕ್ಕವಳಲ್ಲ. ಬಿಡಿ ಅದು.

@ಬೋರ್ಡ್_ಕಾಕಾ ಕಾಕಾ, ಏಣಿ ಮಾತು ಓದಿ ನಿಜವಾಗ್ಲೂ ನಾಚಿಕೆ ಆಯ್ತು. ಇಡೀ ಚಿತ್ರ ಚಿಕ್ಕದಾಗಿ ತೋರ್ಸೋ ಓವರ್‌ವ್ಯೂ ಡಾಕರ್ ಕ್ಲೋಸ್ ಮಾಡಿ ಇಟ್ಟಿದ್ದೆ ಜಾಗ ಸಾಲಲ್ಲ ಅಂತ.

ಒಂಟಿಕೊಪ್ಪಲು_ಕಿಟಕಿ

ನಾನು ಮೈಸೂರು ಸಾಂಪ್ರದಾಯಿಕ ಶೈಲಿ ಕಲ್ತವಳು, ಈಗ ಹೆಚ್ಚಾಗಿ ಐಪ್ಯಾಡ್‌ನಲ್ಲೇ ಕೆಲಸ. ಕುಡ್ಲದವರು ಹೇಳಿದ ಬೆಳಕಿನ ವಿಷಯ ನೂರಕ್ಕೆ ನೂರು ಒಪ್ಪಿದೆ, ಆದ್ರೆ ಆ ಬೆಂಕಿಪೊಟ್ಟಣ ಎಲ್ಲರಿಗೂ ಒಗ್ಗಲ್ಲ ರೀ, ನಾನು ಹನ್ನೆರಡು ಮಾಡಿದ್ರೆ ಹನ್ನೆರಡರಲ್ಲೂ ಆಸೆ ಹುಟ್ಟಿ ಯಾವ್ದನ್ನೂ ಮಾಡಲ್ಲ. ಕಂಟ್ರೋಲ್ ಝಡ್ ಬಗ್ಗೆನೂ ಕಾಕಾ ಅವರಷ್ಟು ಕಠಿಣ ನಾನಿಲ್ಲ, ಅಳಿಸೋಕೆ ಸಿಗುತ್ತೆ ಅಂತಾನೇ ಕೆಲವು ಸಲ ಧೈರ್ಯ ಬರುತ್ತೆ.

ನಾನು ಹೇಳ್ಬೇಕು ಅಂದ್ಕೊಂಡಿದ್ದು ಸರದಿ ಬಗ್ಗೆ, ನೀವು ಕೇಳಿದ ಮೊದಲ ಪ್ರಶ್ನೆನೇ ಅದು. ಹಳೇ ಮೈಸೂರು ಚಿತ್ರಗಾರರು ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡ್ಕೊಂಡು ಅದ್ರಲ್ಲಿ ಮೊದಲು ರೇಖೆ ಹಾಕೋರು. ಆಮೇಲೆ ಬಣ್ಣ ಅಂದ್ರೆ ದೇವರ ಮುಖ ಅಲ್ಲ, ಆಕಾಶ, ಬೆಟ್ಟ, ನದಿ. ಆಮೇಲೆ ಪ್ರಾಣಿ, ಮನುಷ್ಯರು. ಮುಖ, ಬಟ್ಟೆ, ಒಡವೆ ಇದನ್ನ ಬಿಡಿಸಿ ಬಿಡಿಸಿ ಮಾಡೋದು ಕೊನೇಲಿ. ಕಲಿಯೋವಾಗ ನನಗೆ ಇದು ಬರೀ ಶಾಸ್ತ್ರ ಅನ್ಸಿತ್ತು. ಡಿಜಿಟಲ್‌ಗೆ ಬಂದ್ಮೇಲೆ ಕಾರಣ ಹೊಳೀತು. ಮುಖಕ್ಕೆ ಯಾವ ಬಣ್ಣ ಬೇಕು ಅಂತ ಸುತ್ತಲಿನ ಬಣ್ಣ ಹೇಳುತ್ತೆ. ಬಿಳಿ ಕ್ಯಾನ್ವಾಸ್ ಮೇಲೆ ಮುಖ ಮಾಡಿದ್ರೆ ಅದು ಬಿಳಿಗೆ ಹೊಂದೋ ಮುಖ, ಆಮೇಲೆ ಹಿಂದ್ಗಡೆ ಮಳೆ ತಂದಿಟ್ರೆ ಕತ್ತರಿಸಿ ಅಂಟಿಸಿದ ಹಾಗೇ ಕಾಣೋದು. ನಿಮ್ಮದು ಪ್ಲಾಸ್ಟಿಕ್ ಅನ್ಸೋಕೆ ಮುಖ್ಯ ಕಾರಣ ಇದೇ ಅಂತ ನನ್ನ ಲೆಕ್ಕ. ಇನ್ನೊಂದು ಕಾರಣ ಅಂಚು. ಎಲ್ಲಾ ಕಡೆ ಏರ್‌ಬ್ರಷ್‌ನಲ್ಲಿ ಒಂದೇ ಸಮ ನುಣ್ಣಗೆ ಮಾಡಿದೀರ, ಕೆನ್ನೆನೂ ನುಣುಪು, ಕಂಬಾನೂ ನುಣುಪು, ಹಲಸಿನ ಸಿಪ್ಪೆನೂ ನುಣುಪು. ಕತ್ತಿ ಅಂಚು ಚೂಪಾಗಿರ್ಲಿ, ಸೀರೆಯ ಬೆನ್ನು ಜಗಲಿ ಕತ್ತಲಲ್ಲಿ ಕರಗಿ ಹೋಗ್ಲಿ, ಎಲ್ಲಿ ಸೀರೆ ಮುಗೀತು ಅಂತ ಗೊತ್ತಾಗೋದೇ ಬೇಡ.

ಅದನ್ನ ಕಣ್ಣಾರೆ ನೋಡ್ಬೇಕಂದ್ರೆ ಕೆ. ವೆಂಕಟಪ್ಪನವರು ಊಟಿಯಲ್ಲಿ ಮಾಡಿದ ಜಲವರ್ಣಗಳನ್ನ ಹುಡುಕಿ ನೋಡಿ, ಬೆಂಗಳೂರು ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಆರ್ಟ್ ಗ್ಯಾಲರಿನೇ ಇದೆ. ಮಂಜಿನಲ್ಲಿ ಗುಡ್ಡ ಎಲ್ಲಿ ನಿಂತು ಮೋಡ ಎಲ್ಲಿ ಶುರು ಆಗುತ್ತೆ ಅನ್ನೋದನ್ನ ಅವರು ಬಿಟ್ಟುಬಿಟ್ಟಿರೋ ರೀತಿ ಇದ್ಯಲ್ಲ, ನಾನು ಮೊದಲ ಸಲ ನೋಡಿದಾಗ ಇಷ್ಟು ಕಡಿಮೆ ಹೇಳಿನೂ ಚಳಿ ಆಗೋ ಹಾಗೆ ಮಾಡಿದಾರಲ್ಲ ಅನ್ನಿಸಿತ್ತು. ಸಾಕು ಅಂತ ಯಾವಾಗ ಗೊತ್ತಾಗುತ್ತೆ ಅಂದ್ರಲ್ಲ, ನಂಗೆ ಗೊತ್ತಾಗೋದು ಹೀಗೆ: ಮುಂದೆ ಹಾಕೋ ಗೆರೆ ಚಿತ್ರಕ್ಕೋ ಅಥವಾ ನನ್ನ ಸಮಾಧಾನಕ್ಕೋ ಅಂತ ಅನುಮಾನ ಬಂದ ದಿನ ಫೈಲ್ ಮುಚ್ಚಿ ಒಂದು ವಾರ ತೆಗೆಯಲ್ಲ.

ಫೋಟೋ ಇಲ್ಲ ಅಂದ್ರಿ. ನೀವೇ ಕೂತ್ಕೊಳ್ಳಿ. ಅಜ್ಜಿ ಸೀರೆ ಇದ್ರೆ ಅದನ್ನೇ ಉಟ್ಟು ಕೂತು ಫೋಟೋ ತೆಗೆಸಿ. ನೆನಪಿಗೆ ಮುಖ ಇರುತ್ತೆ, ಮೊಣಕಾಲು ಎಲ್ಲಿತ್ತು ಅಂತ ಇರಲ್ಲ.

ಲೇಯರ್_ಲೆಕ್ಕ

ಕಲೆ ವಿಷಯ ಮೇಲಿನೋರು ಹೇಳಿದಾರೆ, ನಾನು ಪ್ರಿಂಟ್ ಕಡೆಯೋನು, ಎರಡು ಮಾತು. ಎ3, 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದ್ರೆ 3508 × 4961 ಪಿಕ್ಸೆಲ್, ಹತ್ತಿರ ಹತ್ತಿರ ಒಂದೂಮುಕ್ಕಾಲು ಕೋಟಿ. 8 ಬಿಟ್‌ನಲ್ಲಿ ಪಿಕ್ಸೆಲ್‌ಗೆ 4 ಬೈಟ್, ಪೂರ್ತಿ ತುಂಬಿದ ಒಂದು ಲೇಯರ್‌ಗೆ ಸುಮಾರು 70 ಎಂಬಿ. ಅಂಥವು 64 ಆದ್ರೆ 4 ಜಿಬಿ ದಾಟ್ತು, ನಿಮ್ಮ 8 ಜಿಬಿ ಲ್ಯಾಪ್‌ಟಾಪ್ ಅಳ್ದೇ ಇನ್ನೇನು ಮಾಡುತ್ತೆ. ಶುರುವಿನ ಹಂತ ಎಲ್ಲ ಅರ್ಧ ಸೈಜಲ್ಲಿ ಮಾಡಿ ಆಮೇಲೆ ದೊಡ್ಡದು ಮಾಡ್ಕೊಳ್ಳಿ, ಆ ಹಂತದಲ್ಲಿ ಡೀಟೇಲ್ ಹೆಂಗೂ ಬೇಕಿಲ್ಲ. ಒಪ್ಪಿಗೆ ಆದ ಲೇಯರ್‌ಗಳನ್ನ ಮರ್ಜ್ ಮಾಡಿ, ಭಯ ಇದ್ರೆ ಫೈಲ್‌ನ ಬೇರೆ ಹೆಸರಲ್ಲಿ ಒಂದು ಕಾಪಿ ಇಟ್ಕೊಳ್ಳಿ.

ಎರಡನೇದು ನನ್ನದೇ ದಡ್ಡತನ. ತಂಗಿ ಮದ್ವೆಗೆ ಒಂದು ಚಿತ್ರ ಮಾಡಿದ್ದೆ, ರಾತ್ರಿ ಲೈಟ್ ಆಫ್ ಮಾಡಿ, ಸ್ಕ್ರೀನ್ ಬ್ರೈಟ್‌ನೆಸ್ ಫುಲ್ ಇಟ್ಕೊಂಡು. ಪ್ರಿಂಟ್ ಬಂದಾಗ ಹಿಂದಿನ ಕಾಡೆಲ್ಲ ಕರಿ ಕಂಬಳಿ. ಪ್ರೆಸ್‌ನೋರ ಜೊತೆ ಜಗಳ ಆಡಿ ಬಂದೆ, ತಪ್ಪು ನಂದೇ ಅಂತ ಆಮೇಲೆ ತಿಳೀತು. ಸ್ಕ್ರೀನ್ ತಾನೇ ಬೆಳಕು ಬಿಡುತ್ತೆ, ಕಾಗದ ಬಿಡಲ್ಲ. ಕ್ರಿಟಾದಲ್ಲಿ ಕಂಟ್ರೋಲ್ ವೈ ಒತ್ತಿದ್ರೆ ಸಾಫ್ಟ್ ಪ್ರೂಫಿಂಗ್ ಬರುತ್ತೆ, ಅಂದ್ರೆ ಪ್ರಿಂಟ್ ಹೆಂಗೆ ಕಾಣುತ್ತೆ ಅಂತ ಸ್ಕ್ರೀನಲ್ಲೇ ತೋರ್ಸೋದು, ಶಾಯಿಗೆ ಸಿಗದ ಬಣ್ಣ ಯಾವ್ದು ಅಂತ ಅಂದಾಜಾಗುತ್ತೆ. ಮಳೆಗಾಲದ ಆ ಎಳೇ ಹಸಿರು ನೋಡ್ಕೊಳ್ಳಿ, ಸ್ಕ್ರೀನಲ್ಲಿ ಮಿಂಚುತ್ತೆ, ಕಾಗದದ ಮೇಲೆ ಬಾಡಿದ ಸೊಪ್ಪು. ಮೊದಲು ಎ4ನಲ್ಲಿ ಒಂದು ಟೆಸ್ಟ್ ಹಾಕ್ಸಿ ಹಗಲು ಬೆಳಕಲ್ಲಿ ನೋಡಿ. ಮತ್ತೆ ದಯವಿಟ್ಟು ಫೈಲ್‌ನ ವಾಟ್ಸ್ಯಾಪ್‌ನಲ್ಲಿ ಫೋಟೋ ಥರ ಕಳಿಸ್ಬೇಡಿ, ಹಿಂಡಿ ಹಿಪ್ಪೆ ಮಾಡಿ ಕೊಡುತ್ತೆ.

ಮಳೆಹನಿ_ಪಿಕ್ಸೆಲ್

ಒಂದು ತಿಂಗಳ ಮೇಲೆ ಬರ್ತಾ ಇದೀನಿ, ಅಪ್ಡೇಟ್ ಕೊಡ್ದೇ ಇದ್ರೆ ತಪ್ಪಾಗುತ್ತೆ.

ಹಳೇ ಫೈಲ್ ಡಿಲೀಟ್ ಮಾಡಕ್ಕೆ ಮನಸ್ಸು ಬರ್ಲಿಲ್ಲ, ಪಕ್ಕಕ್ಕಿಟ್ಟು ಹೊಸದು ಶುರು ಮಾಡಿದೆ. ಬೆಂಕಿಪೊಟ್ಟಣ 14 ಮಾಡಿದೆ. ಕುಡ್ಲದವ್ರೇ, ನೀವು ಹೇಳಿದ್ದು ನಿಜ, ಮೊದಲಿನ ಐದೂ ಹಳೇ ಚಿತ್ರಾನೇ, ಅಜ್ಜಿ ನಡುಮಧ್ಯ ದೊಡ್ಡದಾಗಿ ಕೂತ್ಕೊಂಡು. 11ನೇದ್ರಲ್ಲಿ ಅಜ್ಜಿ ಒಂದು ಮೂಲೆಗೆ ಹೋದ್ಲು, ಚಿಕ್ಕವಳಾದ್ಲು, ಮೇಲ್ಗಡೆ ಮೂರನೇ ಒಂದು ಭಾಗ ಪೂರ್ತಿ ಮಾಡಿನ ಕತ್ತಲು, ಅದರಾಚೆ ಅಂಗಳದ ಬೆಳ್ಳಗಿನ ಮಳೆ. ಅದನ್ನ ನೋಡಿದ ತಕ್ಷಣ ಹೊಗೆ, ಒದ್ದೆ ಬಟ್ಟೆ ವಾಸನೆ ಎಲ್ಲಾ ನೆನಪಾಯ್ತು. ಅದೇ ಫೈನಲ್.

ಬಾಡಿಗೆ ಮನೆ ಅಡುಗೆಮನೇಲಿ ಈಳಿಗೆಮಣೆ ಇಟ್ಕೊಂಡು ನಾನೇ ಕೂತೆ, ರೂಮ್‌ಮೇಟ್ ಫೋಟೋ ತೆಗೆದ್ಲು, ನಕ್ಕು ನಕ್ಕು ಅರ್ಧ ಫೋಟೋ ಅಲ್ಲಾಡಿದೆ. ಕೂತಾಗ ಗೊತ್ತಾಯ್ತು, ಮಣೆ ಮೇಲೆ ಕಾಲಿಟ್ಟು ಅದುಮ್ತೀವಲ್ಲ, ಆಗ ಇಡೀ ಮೈ ಆ ಕಡೆ ವಾಲುತ್ತೆ, ಒಂದು ಹೆಗಲು ಮೇಲೆ ಹೋಗುತ್ತೆ. ನಾನು ಅಜ್ಜೀನ ನೆಟ್ಟಗೆ ಯೋಗಾಸನಕ್ಕೆ ಕೂರ್ಸಿದ ಹಾಗೆ ಕೂರ್ಸಿದ್ದೆ.

ಆಕಾಶ, ಅಂಗಳ, ಗೋಡೆ, ನೆಲ, ಆಮೇಲೆ ಸೀರೆ, ಆಮೇಲೆ ಕೈ. ಲೇಯರ್ ಒಟ್ಟು ಒಂಬತ್ತು. ತೊಳೆ ಹಳದಿ ಬಗ್ಗೆ ಹೇಳ್ಲೇಬೇಕು, ಸುತ್ತ ಎಲ್ಲಾ ಬೂದಿ ಮಾಡ್ತಾ ಹೋದ್ಮೇಲೆ ಅದು ಹೆಂಗೆ ಹೊಳೀತಿದೆ ಅಂದ್ರೆ ರಾತ್ರಿ ದೀಪ ಇಟ್ಟಂಗೆ, ಆದ್ರೆ ಕಲರ್ ಪಿಕರ್ ಇಟ್ಟು ನೋಡಿದ್ರೆ ಹಳದಿ ಅಂತ ಹೇಳಕ್ಕೂ ಆಗಲ್ಲ, ಮಂಕು ಸಾಸಿವೆ ಬಣ್ಣ. ನಂಬ್ದೇ ನಾಲ್ಕು ಸಲ ಚೆಕ್ ಮಾಡಿದೆ. ಮುಖಕ್ಕೆ ಕೊನೇಲಿ ಆರೇಳು ಸ್ಟ್ರೋಕ್ ಆಯ್ತು ಅಷ್ಟೇ, ಒಂಬತ್ತು ದಿನದ ಕೆಲಸ ಇಪ್ಪತ್ತು ನಿಮಿಷಕ್ಕೆ ಮುಗೀತು ಅಂತ ಖುಷಿ ಪಡ್ಬೇಕೋ ಅಳ್ಬೇಕೋ. ಝೂಮ್ ಮಾಡಿದ್ರೆ ಅಲ್ಲಿ ಕಣ್ಣೂ ಇಲ್ಲ ಮೂಗೂ ಇಲ್ಲ, ಬರೀ ಬಣ್ಣದ ತುಂಡು.

ಅಮ್ಮಂಗೆ ಸರ್ಪ್ರೈಸ್ ಅಲ್ವಾ, ಅದಕ್ಕೆ ವಿಡಿಯೋ ಕಾಲ್‌ನಲ್ಲಿ ದೊಡ್ಡಮ್ಮಂಗೆ ತೋರ್ಸಿದೆ. ಒಂದು ನಿಮಿಷ ಮಾತೇ ಆಡ್ಲಿಲ್ಲ. ಆಮೇಲೆ, "ಇದು ನಮ್ಮಮ್ಮನೇ ಕಣೇ. ಆದ್ರೆ ಯಾಕೆ ಎಡಗಾಲಲ್ಲಿ ಮೆಟ್ಟಿದಾಳೆ? ಅಡುಗೆಮನೆ ಬಾಗ್ಲೂ ಆ ಕಡೆ ಹೋಗಿದೆಯಲ್ಲ?"

ಏನಾಗಿದೆ ಗೊತ್ತಾ. ಕಾಕಾ ಹೇಳಿದ ಕನ್ನಡಿ ನೋಡಣ ಅಂತ ಎಮ್ ಒತ್ತೋ ಬದಲು ಮೆನುಗೆ ಹೋಗಿ ಇಮೇಜನ್ನೇ ಮಿರರ್ ಮಾಡಿದೀನಿ. ಎಮ್ ಬರೀ ನೋಟ ತಿರುಗ್ಸುತ್ತೆ, ಇದು ಚಿತ್ರಾನೇ ತಿರುಗ್ಸಿಬಿಟ್ಟಿದೆ, ಸೇವ್ ಮಾಡಿ, ಅದ್ರ ಮೇಲೆ ಎರಡು ವಾರ ಕೆಲಸಾನೂ ಮಾಡಿದೀನಿ. ಈಗ ವಾಪಸ್ ತಿರುಗ್ಸಿದ್ರೆ ನನ್ನ ಕಣ್ಣಿಗೆ ಇಡೀ ಚಿತ್ರ ಬಲಕ್ಕೆ ಜಾರ್ತಿರೋ ಹಾಗೆ ಕಾಣ್ತಿದೆ. ಹಂಗೇ ಬಿಡ್ಲಾ? ಅಮ್ಮಂಗೆ ಗೊತ್ತಾಗುತ್ತಾ?

ಕುಡ್ಲದ_ಕುಂಚ

ಗೊತ್ತಾಗ್ತದೆ. ಬೆಳಗ್ಗೆ ಎದ್ದು ನೋಡಿದ ಬಾಗಿಲು ಯಾವ ಬದಿ ಅಂತ ಯಾರಿಗೂ ಮರೆಯುದಿಲ್ಲ. ತಿರುಗಿಸಿ.

ಬೋರ್ಡ್_ಕಾಕಾ

ನಿಮ್ಮ ದೊಡ್ಡಮ್ಮಾರು ಉಸ್ತಾದರ ಕನ್ನಡಿಗಿಂತ ಚಲೋ ನೋಡ್ಯಾರ. ಮೊದ್ಲ ಚಿತ್ರ ತಿರುಗಿಸಿ ಬಾಗ್ಲ ಇದ್ದಲ್ಲಿ ತಂದಿಡು. ಜಾರ್ತದ ಅಂದ್ರ ಬಲಕ್ಕ ಏನರ ಭಾರ ಜಾಸ್ತಿ ಆಗೇದ, ಎಡಕ್ಕ ಒಂದು ಕೊಡಪಾನ ಇಡು, ಮಾಡಿನ ನೀರು ಹಿಡೀಲಿಕ್ಕೆ ಇಟ್ಟಿರ್ತಾರಲ್ಲ, ಅದು.

ಮಳೆಹನಿ_ಪಿಕ್ಸೆಲ್

ಕಾಕಾ, ಕೊಡಪಾನ ಅಲ್ಲ, ನಮ್ಮನೇಲಿ ಹಿತ್ತಾಳೆ ಹಂಡೆ ಇಡ್ತಿದ್ರು, ಒಂದು ಕಡೆ ಜಜ್ಜಿ ಹೋಗಿತ್ತು. ನಾನು ಮರ್ತೇ ಹೋಗಿದ್ದೆ ನೋಡಿ. ಇವತ್ತು ರಾತ್ರಿ ಕೂರ್ತೀನಿ.